ಹಿಂಡಿ ತಂದ ವಾರ ಕಾರು ಎದ್ದೇಳುವುದಿಲ್ಲ

ನಮ್ಮ ಅಪ್ಪಯ್ಯ ಕಾರನ್ನು ಯಾವಾಗಲೂ ಇಳಿಜಾರಿಗೆ ಮುಖ ಮಾಡಿಯೇ ನಿಲ್ಲಿಸುತ್ತಾರೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಒಂದು ದಿಬ್ಬದ ಮೇಲಿದೆ. ಅಂಗಳದಿಂದ ರಸ್ತೆಗೆ ಮಣ್ಣು ದಾರಿ ಇಳಿಯುತ್ತದೆ. ಸ್ಟಾರ್ಟ್ ಆಗದ ದಿನ ಕೀ ತಿರುಗಿಸಿ, ಎರಡನೇ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟರೆ ಆಯಿತು. ಗೇಟಿನ ಹತ್ತಿರ ಬರುವಾಗ ಕ್ಲಚ್ ಬಿಟ್ಟರೆ ಗಾಡಿ ಗಕ್ಕನೆ ಎದ್ದೇಳುತ್ತದೆ. ಬ್ಯಾಟರಿ ತೀರಾ ಸತ್ತಿದ್ದರೆ ಈ ಆಟ ನಡೆಯುವುದಿಲ್ಲ. ಈಗಿನ ಇಂಜಿನ್ನಿಗೆ ಟ್ಯಾಂಕಿನಿಂದ ಪೆಟ್ರೋಲ್ ಎತ್ತುವ ಪಂಪ್ ಓಡುವಷ್ಟಾದರೂ ಕರೆಂಟ್ ಬೇಕು. ಅಂಥ ದಿನ ನನಗೆ ಫೋನ್ ಬರುತ್ತದೆ. "ಎಂತ ಮಾರಾಯ್ತಿ, ನಿನ್ನ ಫಿಸಿಕ್ಸ್ ಇದಕ್ಕೆ ಏನು ಹೇಳ್ತದೆ?"

ನಾನು ಶಿವಮೊಗ್ಗದಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಅಮ್ಮೀಟರನ್ನು ಸರಣಿಯಲ್ಲಿ ಜೋಡಿಸಬೇಕು ಅಂತ ವರ್ಷಕ್ಕೆ ನೂರು ಸಲ ಹೇಳುವವಳು. ಆದರೆ ಕಾರಿನ ಬಾನೆಟ್ ಎತ್ತಿ ಮೀಟರ್ ಇಟ್ಟಿದ್ದು ಇದೇ ಮೊದಲು.

ಹಳೆ ಬ್ಯಾಟರಿಗೆ ನಾಲ್ಕು ವರ್ಷವಾಗಿತ್ತು, ಅದು ಹೋಗಿದೆ ಅಂದರು, ಬದಲಾಯಿಸಿದೆವು. ಸರಿಯೇ. ಆದರೆ ಹೊಸದೂ ತಿಂಗಳೊಳಗೆ ಅದೇ ರಾಗ ಹಾಡಿತು. ಅಂಗಡಿಯವರು ರಾತ್ರಿಯಿಡೀ ಚಾರ್ಜ್ ಮಾಡಿ, ಟೆಸ್ಟರ್ ಹಿಡಿದು ನೋಡಿ, "ಬ್ಯಾಟರಿ ಸರಿ ಇದೆ, ನಿಮ್ಮ ಗಾಡಿ ಓಡೋದೇ ಕಡಿಮೆ" ಅಂತ ವಾಪಸ್ ಕೊಟ್ಟರು. ಇನ್ನೊಬ್ಬರು, ಇಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಬದಲಾಯಿಸಿ ಅಂದರು. ಅದರ ರೇಟು ಕೇಳಿ ಅಪ್ಪಯ್ಯ ಗಾಡಿ ತಿರುಗಿಸಿಕೊಂಡು ಮನೆಗೆ ಬಂದರು.

ಆ ಭಾನುವಾರ ಲ್ಯಾಬಿನ ಮಲ್ಟಿಮೀಟರ್ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಮೊದಲು ಸುಲಭದ್ದು. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ ಬ್ಯಾಟರಿ 12.1 ವೋಲ್ಟ್ ತೋರಿಸಿತು. ಪೂರ್ತಿ ತುಂಬಿದ್ದರೆ 12.6ರ ಆಸುಪಾಸು ಇರಬೇಕು, ಒಳಗಿನ ಆರು ಸೆಲ್ಲುಗಳಿಗೆ ತಲಾ 2.1. 12.2ಕ್ಕೆ ಬಂದರೆ ಅರ್ಧ ಖಾಲಿ ಅಂತ ಲೆಕ್ಕ. ಆಮೇಲೆ ಇಳಿಜಾರಿನ ಆಟದಿಂದ ಇಂಜಿನ್ ಎಬ್ಬಿಸಿ, ಹೆಡ್‌ಲೈಟ್ ಹಾಕಿಸಿ ಮತ್ತೆ ನೋಡಿದೆ. 14.2. ಅಲ್ಲಿಗೆ ಆಲ್ಟರ್ನೇಟರ್ ಮೇಲಿನ ಅನುಮಾನ ಮುಗಿಯಿತು. ಓಡುವಾಗ ಹದಿಮೂರೂವರೆ ಮೇಲೆ, ಹದಿನಾಲ್ಕೂವರೆ ಒಳಗೆ ಇದ್ದರೆ ಅದು ತನ್ನ ಕೆಲಸ ಮಾಡುತ್ತಿದೆ.

ಅಂದರೆ ತುಂಬುವುದು ಸರಿಯಾಗಿಯೇ ತುಂಬುತ್ತಿದೆ. ನಿಂತಾಗ ಎಲ್ಲೋ ಸೋರುತ್ತಿದೆ.

ಸೋರಿಕೆ ಅಳೆಯುವುದಕ್ಕೆ ಬ್ಯಾಟರಿಯ ನೆಗೆಟಿವ್ ವಯರ್ ಬಿಚ್ಚಿ, ವಯರಿಗೂ ಬ್ಯಾಟರಿ ತುದಿಗೂ ನಡುವೆ ಮೀಟರ್ ಸೇರಿಸಬೇಕು. ಮೀಟರಿನ ಕೆಂಪು ವಯರನ್ನು 10 ಆಂಪಿಯರ್ ತೂತಿಗೆ ಚುಚ್ಚಿರಬೇಕು. ಜೋಡಿಸಿದ ಕೂಡಲೇ ಒಂದೂವರೆ ಆಂಪಿಯರ್ ಮೇಲೆ ಬಂತು, ಎದೆ ಧಸಕ್ಕೆಂದಿತು. ಆದರೆ ಗಾಬರಿ ಬೇಡ. ವಯರ್ ಮತ್ತೆ ತಾಗಿದಾಗ ಗಾಡಿಯ ಎಲೆಕ್ಟ್ರಾನಿಕ್ಸ್ ಎಲ್ಲಾ ಎಚ್ಚರಾಗುತ್ತದೆ. ಅದು ಮಲಗಲು ಇಪ್ಪತ್ತು ನಿಮಿಷ, ಕೆಲವು ಗಾಡಿಗಳಲ್ಲಿ ಇನ್ನೂ ಜಾಸ್ತಿ ಬೇಕು. ಮಲಗಿದ ಮೇಲೆ 50 ಮಿಲಿಆಂಪಿಯರಿಗಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ. ಗಡಿಯಾರಕ್ಕೆ, ಸ್ಟೀರಿಯೋದ ನೆನಪಿಗೆ ಅಷ್ಟು ಬೇಕೇ ಬೇಕು.

ಅರ್ಧ ಗಂಟೆ ಕಾದೆ. ಮೀಟರ್ ತೋರಿಸಿದ್ದು 20 ಮಿಲಿಆಂಪಿಯರ್. ಸೋರಿಕೆಯೇ ಇಲ್ಲ!

ಇದೆಲ್ಲಾ ಬಾನೆಟ್ ಪಕ್ಕ ನಿಂತು ನೋಡಿದ ಅಪ್ಪಯ್ಯನಿಗೆ ಸಾಕಾಗಿತ್ತು. "ಒಂದ್ ಸಲ ನೋಡ್ತೆ ತಡಿ" ಅಂತ ಹೋಗಿ ಕೀ ತಿರುಗಿಸಿಯೇಬಿಟ್ಟರು. ಸ್ಟಾರ್ಟರ್ ಮೋಟಾರ್ ಎಳೆಯುವುದು ನೂರು ಆಂಪಿಯರಿಗೂ ಮೇಲೆ. ನನ್ನ ಮೀಟರಿನ ಫ್ಯೂಸ್ ಹತ್ತರದ್ದು. ಟಪ್ ಅಂದಿತು. ಸೋಮವಾರ ಬೆಳಿಗ್ಗೆ ಅಟೆಂಡರ್ ಬರುವ ಮೊದಲೇ ಹೊಸ ಫ್ಯೂಸ್ ಹಾಕಿ ಮೀಟರನ್ನು ಕಪಾಟಿಗೆ ಸೇರಿಸಿದೆ. ಈ ಬರಹ ಅವರ ಕಣ್ಣಿಗೆ ಬೀಳದಿರಲಿ.

ಗುರುವಾರ ಮತ್ತೆ ಫೋನ್. "ಏಳ್ಲಿಲ್ಲ."

ಮುಂದಿನ ಭಾನುವಾರ ಹೋಗುವಾಗ ಬಸ್ಸಿನಲ್ಲಿ ಕೂತು ಯೋಚಿಸಿದೆ. ಹೋದ ವಾರ ನಾನು ಏನೇನು ಮುಟ್ಟಿದ್ದೆ? ಸ್ಪ್ಯಾನರ್ ಹುಡುಕುವುದಕ್ಕೆ ಡಿಕ್ಕಿ ತೆಗೆದಿದ್ದೆ, ಅದರಲ್ಲಿದ್ದದ್ದನ್ನೆಲ್ಲಾ ಹೊರಗೆ ಹಾಕಿದ್ದೆ. ಅಂದರೆ ಕಾಯಿಲೆಯ ಗಾಡಿಯನ್ನು ನಾನು ನೋಡೇ ಇರಲಿಲ್ಲ. ಹಾಗಾಗಿ ಫೋನ್ ಮಾಡಿ ಅಪ್ಪಯ್ಯನಿಗೆ ಹೇಳಿದೆ, ಚಾರ್ಜ್ ಹಾಕಿದ ಬ್ಯಾಟರಿ ಕೂರಿಸಿ, ಬೇರೆ ಏನನ್ನೂ ಮುಟ್ಟಬೇಡಿ, ಡಿಕ್ಕಿ ಅಂತೂ ತೆಗೆಯಲೇಬೇಡಿ. ಸ್ಪ್ಯಾನರನ್ನು ಪಕ್ಕದ ಮನೆಯಿಂದ ತಂದೆವು.

ಈ ಸಲ ಮೀಟರ್ ಇಳಿಯಿತು, ಇಳಿಯಿತು, 0.43 ಆಂಪಿಯರಿಗೆ ಬಂದು ನಿಂತಿತು. ಅರ್ಧ ಗಂಟೆಯಾದರೂ ಅಲ್ಲಾಡಲಿಲ್ಲ. ಸಿಕ್ಕಿಬಿದ್ದಿತು ಅನ್ನುವ ಖುಷಿ ನನಗೆ.

ಆಮೇಲೆ ಫ್ಯೂಸ್‌ಗಳು. ಯಾವುದನ್ನು ಕಿತ್ತಾಗ ಮೀಟರ್ ಇಳಿಯುತ್ತದೋ ಸೋರಿಕೆ ಆ ದಾರಿಯಲ್ಲಿದೆ. ಸ್ಟೀರಿಂಗ್ ಕೆಳಗಿನ ಫ್ಯೂಸ್ ಬಾಕ್ಸಿಗೆ ಕೈಹಾಕಬೇಕಾದರೆ ಬಾಗಿಲು ತೆಗೆದಿರಬೇಕು, ಬಾಗಿಲು ತೆಗೆದರೆ ಒಳಗಿನ ದೀಪ ಹತ್ತಿ ಲೆಕ್ಕ ಕೆಡುತ್ತದೆ. ಅದಕ್ಕೇ ಶುರುವಿನಲ್ಲೇ ಬಾಗಿಲ ಚೌಕಟ್ಟಿನಲ್ಲಿರುವ ಗುಂಡಿಯನ್ನು ಒತ್ತಿ ಟೇಪ್ ಸುತ್ತಿದ್ದೆ. ಒಂದೊಂದೇ ಫ್ಯೂಸ್ ಕೀಳುವುದು, ಅಪ್ಪಯ್ಯ ಮೀಟರ್ ಓದುವುದು, ವಾಪಸ್ ಚುಚ್ಚುವುದು. "ನಲವತ್ಮೂರು. ನಲವತ್ಮೂರು. ನಲವತ್ಮೂರು." ಜಪ ಮಾಡಿದ ಹಾಗೆ. ಏಳನೆಯದಕ್ಕೆ "ಎರಡು!" ಅಂತ ಕೂಗಿದರು. ಅದು ಒಳಗಿನ ದೀಪ, ಗಡಿಯಾರ, ಸ್ಟೀರಿಯೋ ಮೂರಕ್ಕೂ ಸೇರಿದ ಫ್ಯೂಸ್.

ನನ್ನ ಅನುಮಾನ ಸೀದಾ ಸ್ಟೀರಿಯೋ ಮೇಲೆ ಹೋಯಿತು. ಹೊರಗಿನ ಅಂಗಡಿಯಲ್ಲಿ ಹಾಕಿಸಿದ್ದು, ಯಾವಾಗಲೂ ಕರೆಂಟ್ ಇರುವ ಹಳದಿ ವಯರು, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕಾದ ಕೆಂಪು ವಯರು ಎರಡನ್ನೂ ಒಂದೇ ಕಡೆ ಸುತ್ತಿಬಿಟ್ಟರೆ ಕೀ ತೆಗೆದ ಮೇಲೂ ಅದು ಕರೆಂಟ್ ಕುಡಿಯುತ್ತಲೇ ಇರುತ್ತದೆ. ಮುಖ ಬಿಚ್ಚಿ, ಹಿಂದಿನ ಪ್ಲಗ್ ಕಿತ್ತೆ. ಇಳಿದದ್ದು ಬರೀ 0.01. ಪಾಪ, ಸುಮ್ನೆ ಬೈದೆ ಅದಕ್ಕೆ.

ಕಾಫಿ ಕುಡಿಯಲು ಒಳಗೆ ಹೋದಾಗ ಕಣ್ಣಿಗೆ ಬಿದ್ದದ್ದು ಗೋಡೆಯ ಕ್ಯಾಲೆಂಡರ್. ಅಪ್ಪಯ್ಯ ಎಲ್ಲವನ್ನೂ ಅದರಲ್ಲೇ ಬರೆಯುತ್ತಾರೆ. ಗ್ಯಾಸ್ ಬಂದದ್ದು, ದನ ಕರು ಹಾಕಿದ್ದು, ಮಳೆ ಎಷ್ಟು ಬಿತ್ತು ಅನ್ನುವುದು. ಅಲ್ಲಲ್ಲಿ "ಕಾರು ಇಲ್ಲ" ಅಂತಲೂ ಇತ್ತು. ಪ್ರತಿ "ಕಾರು ಇಲ್ಲ" ಹಿಂದೆ, ಎರಡು ದಿನ ಮೊದಲು, "ಹಿಂಡಿ 2 ಮೂಟೆ."

"ಅಪ್ಪಯ್ಯ, ಹಿಂಡಿ ತರುವಾಗ ಡಿಕ್ಕಿಗೆ ಏನು ಮಾಡ್ತೀರಿ?"

"ಎಂತ ಮಾಡೂದು, ಗೋಣಿ ಹಾಸ್ತೆ. ಹಿಂಡಿ ಧೂಳು ಬೀಳ್ತದಲ್ಲ."

ಹೋಗಿ ನೋಡಿದೆ. ಗೋಣಿಯ ಒಂದು ಅಂಚು ಡಿಕ್ಕಿಯ ಬಾಗಿಲಿಗೆ ಸಿಕ್ಕಿ, ಹೊರಗೆ ನಾಲಿಗೆಯ ಹಾಗೆ ಇಣುಕುತ್ತಿತ್ತು. ಬಾಗಿಲು ಹಾಕಿದಂತೆ ಕಾಣುತ್ತದೆ, ಆದರೆ ಬೀಗ ಮೊದಲ ಟಕ್‌ಗೇ ನಿಂತಿದೆ. ಬೀಗ ಪೂರ್ತಿ ಬೀಳದಿದ್ದರೆ ಡಿಕ್ಕಿಯೊಳಗಿನ ಬಲ್ಬು ಆರುವುದಿಲ್ಲ. ಈ ಮಾಡೆಲ್ಲಿನಲ್ಲಿ ಬಾಗಿಲು ತೆರೆದಿದೆ ಅಂತ ಎಚ್ಚರಿಸುವ ಡ್ಯಾಶ್‌ಬೋರ್ಡಿನ ದೀಪ ನಾಲ್ಕು ಬಾಗಿಲಿಗೆ ಮಾತ್ರ, ಡಿಕ್ಕಿಗಿಲ್ಲ.

ಆದರೂ ಕಣ್ಣಾರೆ ನೋಡಬೇಕಲ್ವಾ? ಫೋನಿನಲ್ಲಿ ವಿಡಿಯೋ ಹಚ್ಚಿ, ಹಿಂದಿನ ಸೀಟನ್ನು ಒಳಗಿನಿಂದ ಸ್ವಲ್ಪ ಮಡಚಿ, ಡಿಕ್ಕಿಯೊಳಗೆ ತಳ್ಳಿ, ಸೀಟು ಮುಚ್ಚಿದೆ. ಒಂದು ನಿಮಿಷ ಬಿಟ್ಟು ತೆಗೆದು ನೋಡಿದೆವು. ವಿಡಿಯೋದಲ್ಲಿ ಗೋಣಿಯ ಮೇಲೆ ಹಳದಿ ಬೆಳಕು ಚೆಲ್ಲಿದೆ. ಹಿಂದೆ ಅಪ್ಪಯ್ಯ ಕೆಮ್ಮುವುದು ಕೇಳುತ್ತದೆ.

ಲೆಕ್ಕವೂ ಕೂಡಿಬಂತು. ಬಲ್ಬು 5 ವ್ಯಾಟ್, 12 ವೋಲ್ಟಿಗೆ ಭಾಗಿಸಿದರೆ 0.42 ಆಂಪಿಯರ್. ದಿನಕ್ಕೆ ಹತ್ತು ಆಂಪಿಯರ್ ಗಂಟೆ. ನಮ್ಮ ಬ್ಯಾಟರಿ 35ರದ್ದು. ಎರಡು ರಾತ್ರಿ ಕಳೆಯುವಷ್ಟರಲ್ಲಿ ಅರ್ಧದ ಹತ್ತಿರ ಹೋಗಿರುತ್ತದೆ. ಮಂಗಳವಾರ ಸಂಜೆ ಹಿಂಡಿ, ಗುರುವಾರ ಬೆಳಿಗ್ಗೆ ಫೋನ್. ಪೇಟೆಗೆ ಹೋಗಿಬರುವ ಅಷ್ಟು ಸಣ್ಣ ಓಡಾಟದಲ್ಲಿ ಅಷ್ಟೂ ವಾಪಸ್ ತುಂಬುವುದಿಲ್ಲ, ಅದಕ್ಕೆ ಗಂಟೆಗಟ್ಟಲೆ ಬೇಕು.

ಹೊಸ ಬ್ಯಾಟರಿಗೆ ಪೆಟ್ಟು ಬಿದ್ದಿದೆ ಅಂತ ಕಾಣುತ್ತದೆ. ಹೀಗೆ ಪದೇಪದೇ ಖಾಲಿಯಾದರೆ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮೊದಲಿನಷ್ಟು ಚಾರ್ಜ್ ಹಿಡಿಯುವುದಿಲ್ಲ. ರಾತ್ರಿಯಿಡೀ ಮೂರು ಆಂಪಿಯರಿನಲ್ಲಿ ನಿಧಾನಕ್ಕೆ ಚಾರ್ಜ್ ಮಾಡಿ ಮಾರನೇ ದಿನ ನೋಡಿದರೆ 12.45. ಇನ್ನೆಷ್ಟು ದಿನ ಎಳೆಯುತ್ತದೋ.

ಗೋಣಿಯನ್ನು ಅರ್ಧ ಕತ್ತರಿಸಿ ಡಿಕ್ಕಿಯ ಅಳತೆಗೆ ಹೊಲಿದು ಕೊಟ್ಟೆ. ಅಪ್ಪಯ್ಯ ಅದನ್ನು ಹಾಸಿಕೊಂಡರು, ಜೊತೆಗೆ ಬಲ್ಬನ್ನೂ ಕಿತ್ತು ಔಷಧಿ ಡಬ್ಬಿಗೆ ಹಾಕಿಟ್ಟರು. ಆಮೇಲೆ ಮೂರು ಸಲ ಹಿಂಡಿ ಬಂದಿದೆ, ಕ್ಯಾಲೆಂಡರಿನಲ್ಲಿ "ಕಾರು ಇಲ್ಲ" ಬಂದಿಲ್ಲ. ಗಾಡಿ ಮಾತ್ರ ಇವತ್ತಿಗೂ ಇಳಿಜಾರಿಗೆ ಮುಖ ಮಾಡಿಯೇ ನಿಲ್ಲುತ್ತದೆ.