ಮೇಗುತಿ ಗುಡ್ಡದ ಬುದ್ಧ
ನಿನ್ನೆ ಅಕ್ಕನ ಮಕ್ಕಳನ್ನು ಕರೆದುಕೊಂಡು ಬಾಗಲಕೋಟೆಯಿಂದ ಐಹೊಳೆಗೆ ಹೋಗಿದ್ದೆ. ಬಂದವರೆಲ್ಲ ದುರ್ಗ ಗುಡಿ ಮುಂದೆ ಸೆಲ್ಫಿ ತೆಗೆದು, ನೆರಳಲ್ಲಿ ರೊಟ್ಟಿ ಬುತ್ತಿ ಬಿಚ್ಚಿ ಉಂಡು ಹೊರಟುಬಿಡುತ್ತಾರೆ. ಮೇಗುತಿ ಗುಡ್ಡ ಹತ್ತುವವರು ಕಡಿಮೆ. ಬಿಸಿಲು ಜಾಸ್ತಿ, ಅದೂ ನಿಜ. ಆದರೆ ತುದಿಗಿಂತ ಸ್ವಲ್ಪ ಕೆಳಗೆ ಎರಡಂತಸ್ತಿನ ಬೌದ್ಧ ಗುಡಿ ಇದೆ, ಒಂದಿಷ್ಟು ಬಂಡೆಯಲ್ಲೇ ಕೊರೆದದ್ದು, ಒಂದಿಷ್ಟು ಕಲ್ಲಿಟ್ಟು ಕಟ್ಟಿದ್ದು, ಮೇಲಿನ ಪಡಸಾಲೆಯಲ್ಲಿ ಕತ್ತೆತ್ತಿದರೆ ಚಾವಣಿಯಲ್ಲೇ ಬುದ್ಧ ಕೂತಿದ್ದಾನೆ! ಇನ್ನಷ್ಟು ಮೇಲೆ ಹೋದರೆ ಕ್ರಿ.ಶ. 634ರ ಜೈನ ಗುಡಿ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಕವಿ ರವಿಕೀರ್ತಿ ಅದರ ಗೋಡೆಯಲ್ಲೇ ಬರೆಸಿಟ್ಟಿದ್ದಾನೆ. ಆಗಿನ ಬೌದ್ಧರು, ಜೈನರು ಜಗಳವನ್ನೇ ಆಡಲಿಲ್ಲ ಅಂತ ನಾನು ಹೇಳಲ್ಲ, ಆದರೂ ಒಂದೇ ಗುಡ್ಡದಲ್ಲಿ ಅಕ್ಕಪಕ್ಕ ಇದ್ದರು ಅಲ್ವಾ? ಹೋಗುವವರು ನೀರಿನ ಬಾಟಲಿ ಒಯ್ಯಿರಿ.