ವೀರಗಲ್ಲಿಗೆ ಆಯಿಲ್ ಪೇಂಟ್ ಬೇಡ

ಊರಹಬ್ಬ ಹತ್ರ ಬಂತು. ಇವತ್ತು ಅರಳಿಕಟ್ಟೆ ಪಕ್ಕದ ವೀರಗಲ್ಲಿಗೂ ಹಳದಿ ಆಯಿಲ್ ಪೇಂಟ್ ಬಿದ್ದಿದೆ.

ಭಕ್ತಿಯಿಂದಲೇ ಬಳಿದಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಕಲ್ಲಿನ ಮೇಲಿನ ಸವೆದ ಶಾಸನದಲ್ಲಿ ಅಕ್ಷರದ ಗೆರೆ ಉಳಿದಿರೋದೇ ಒಂದೆರಡು ಮಿಲಿಮೀಟರ್ ಆಳ. ವರ್ಷಕ್ಕೊಂದು ಕೋಟ್ ಹೊಡೆದರೆ ಅದೂ ತುಂಬಿಹೋಗುತ್ತೆ.

ಈಗ ಅದನ್ನ ತೆಗೀತೀವಿ ಅಂತ ತಂತಿ ಬ್ರಶ್, ಆಸಿಡ್ ಹಿಡ್ಕೊಂಡು ಹೋಗಬೇಡಿ. ಪೇಂಟಿನ ಜೊತೆ ಕಲ್ಲಿನ ಮೈಯೂ ಕಿತ್ತು ಬರುತ್ತೆ. ಆ ಕೆಲಸ ಪುರಾತತ್ವ ಇಲಾಖೆಯವರಿಗೆ ಬಿಡಿ. ಬರೀ ಧೂಳಾದರೆ ನೀರು, ಮೆತ್ತನೆ ಬ್ರಶ್ ಸಾಕು.

ಬುಡಕ್ಕೆ ಸಿಮೆಂಟ್ ಹಾಕೋದಂತೂ ಬೇಡವೇ ಬೇಡ, ಕೆಳಗಿನ ಸಾಲುಗಳು ಹೂತುಹೋಗ್ತವೆ.

ಓದೋಕೆ ಸುಲಭದ ದಾರಿ ಇದೆ. ಕತ್ತಲಾದ ಮೇಲೆ ಟಾರ್ಚನ್ನ ಎದುರಿಗೆ ಹಿಡೀದೆ, ಕಲ್ಲಿನ ಪಕ್ಕಕ್ಕೆ ಒತ್ತಿದ ಹಾಗೆ ಓರೆಯಾಗಿ ಹಿಡಿಯಿರಿ. ಗೆರೆಗಳಲ್ಲಿ ನೆರಳು ಕೂರುತ್ತೆ, ಹಗಲಲ್ಲಿ ಕಾಣದ ಅಕ್ಷರ ಎದ್ದು ಬರುತ್ತೆ. ಎಡದಿಂದ, ಬಲದಿಂದ, ಮೇಲಿಂದ ಒಂದೊಂದು ಫೋಟೋ ತೆಗೀರಿ. ಒಂದರಲ್ಲಿ ತಪ್ಪಿದ್ದು ಇನ್ನೊಂದರಲ್ಲಿ ಸಿಗುತ್ತೆ. ಸೀಮೆಸುಣ್ಣ ತುಂಬಬೇಡಿ, ಬಿರುಕನ್ನೂ ಅಕ್ಷರ ಅಂತ ತಿದ್ದಿಬಿಡ್ತೀವಿ.

ಇಂಥ ಕಲ್ಲುಗಳು ಎಷ್ಟು ಹಳೇವು ನೋಡಿ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಸಿಕ್ಕ, ಕಿತ್ತಯ್ಯ ಅನ್ನೋ ವೀರನ ಕಲ್ಲು ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ಬೇಗೂರಿನ ಕಲ್ಲಲ್ಲಿ 'ಬೆಂಗಳೂರು' ಅನ್ನೋ ಹೆಸರೇ ಇದೆ, ಸುಮಾರು 890ರದು. ಕೆಂಪೇಗೌಡರಿಗಿಂತ ಆರು ಶತಮಾನ ಹಿಂದಿನ ಮಾತು!

ನಿಮ್ಮ ಬಡಾವಣೆ ಯಾವ ಹಳ್ಳಿ ಮೇಲೆ ಎದ್ದಿದೆ ನೋಡಿ. ಶಾಸನಗಳನ್ನ ಸಂಗ್ರಹಿಸಿ ಅಚ್ಚು ಹಾಕಿದ ಪುಸ್ತಕಮಾಲೆ ಎಪಿಗ್ರಾಫಿಯ ಕರ್ನಾಟಿಕಾದ 9ನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಇವೆ. ಆ ಹಳ್ಳಿ ಹೆಸರು ಸಿಕ್ಕರೆ, ರಸ್ತೆ ಅಗೆಯೋಕೆ ಮುಂಚೆ ವಾರ್ಡ್ ಎಂಜಿನಿಯರ್‌ಗೆ ಆ ಪುಟ ತೋರಿಸಿ.