ಎಣ್ಣೆಗಿಂತ ಮೊದಲು

ನಿನ್ನೆ ಹವಾಯಿ ದ್ವೀಪದ ಹಿಲೋ ಊರಿನಲ್ಲಿ ಲೋಮಿಲೋಮಿ ಮಾಡಿಸಿಕೊಂಡೆ. ಹವಾಯಿಯವರ ಮಸಾಜ್. ಮೂರು ದಿನ ಕಾರು ಓಡಿಸಿ ಸೊಂಟ ಹಿಡಿದುಕೊಂಡಿತ್ತು, ಅಷ್ಟೇ ಕಾರಣ.

ಮಲಗಿದೆ. ಈಗ ಎಣ್ಣೆ ಬೀಳುತ್ತೆ ಅಂತ ಕಾದೆ. ಬೀಳಲಿಲ್ಲ. ಆ ಹಿರಿಯ ಹೆಂಗಸು ಪಕ್ಕದಲ್ಲಿ ನಿಂತು ಮೊದಲು ಪ್ರಾರ್ಥನೆ ಮಾಡಿದರು. ಅದಕ್ಕೆ ಪುಲೆ ಅನ್ನುತ್ತಾರೆ. ಆಮೇಲೆ ಓಲಿ ಶುರುವಾಯಿತು, ಅಂದರೆ ಹವಾಯಿ ಭಾಷೆಯಲ್ಲಿ ಮಂತ್ರದಂತೆ ಹಾಡಿ ಹೇಳುವುದು. ತಾಳವಿಲ್ಲ, ಕುಣಿತವಿಲ್ಲ, ಬರೀ ದನಿ. ಒಂದೇ ಉಸಿರಿನಲ್ಲಿ ಎಷ್ಟು ದೂರ ಹೋಗುತ್ತೆ ಆ ಸಾಲು! ಅದು ನಿಂತ ಮೇಲೆಯೇ ಬೆನ್ನಿಗೆ ಕೈ ತಾಗಿದ್ದು. ಬೆರಳಿಗಿಂತ ಮುಂಗೈ, ಮೊಣಕೈಯದ್ದೇ ಕೆಲಸ ಜಾಸ್ತಿ.

ಲೋಮಿ ಅಂದರೆ ನಾದುವುದು, ತಿಕ್ಕುವುದು. ಉಪ್ಪು ಹಾಕಿದ ಸಾಲ್ಮನ್ ಮೀನನ್ನು ಟೊಮೇಟೊ, ಈರುಳ್ಳಿ ಜೊತೆ ಕೈಯಲ್ಲೇ ಕಲಸುವ ತಿನಿಸಿಗೂ ಇಲ್ಲಿ ಇದೇ ಹೆಸರು. ನಾನೂ ಹಾಗೇ ಆದೆ ಬಿಡಿ.

ಮೊದಲು ಈ ಮಸಾಜ್ ಮನೆಯೊಳಗೆ ಹಿರಿಯರಿಂದ ಮಕ್ಕಳಿಗೆ ಬರುತ್ತಿದ್ದ ವಿದ್ಯೆ. ಹೊರಗಿನವರಿಗೂ ಕಲಿಸಿ ಹೆಸರಾದವರು ಇದೇ ದ್ವೀಪದ 'ಆಂಟಿ' ಮಾರ್ಗರೆಟ್ ಮಚಾಡೊ. 2009ರಲ್ಲಿ ತೀರಿಕೊಂಡರು. ಓಲಿಯ ಮಾತುಗಳ ಪಾಡು ಇನ್ನೂ ಕಷ್ಟದ್ದು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಪಾಠದ ಭಾಷೆ ಮಾಡಿತು. ಹವಾಯಿ ಭಾಷೆಗೆ ರಾಜ್ಯದಲ್ಲಿ ಅಧಿಕೃತ ಸ್ಥಾನ ಸಿಕ್ಕಿದ್ದು 1978ರಲ್ಲಿ. ನನ್ನ ಬೆನ್ನು ತಿಕ್ಕಿದವರ ಅಜ್ಜಿ ಶಾಲೆಯಲ್ಲಿ ಈ ಭಾಷೆ ಆಡಿ ಪೆಟ್ಟು ತಿಂದಿದ್ದರಂತೆ. ಅದನ್ನು ಅವರು ಕೈ ಒರೆಸಿಕೊಳ್ಳುತ್ತಾ ಸುಮ್ನೆ ಹೇಳಿಬಿಟ್ಟರು.

ಓಲಿಯ ಒಂದು ಪದವೂ ನನಗೆ ಅರ್ಥವಾಗಲಿಲ್ಲ. ಆದರೂ ನನ್ನ ಉಸಿರು ತಾನಾಗಿ ನಿಧಾನವಾಗಿತ್ತು. ಸೊಂಟ ಮಾತ್ರ ಇನ್ನೂ ಸ್ವಲ್ಪ ಹಿಡಿದುಕೊಂಡೇ ಇದೆ.